ಎರಡನೆಯ ಸಾಲಿನ ಹೆಸರು

ಕರಿಯಣ್ಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಮರಳಿನ ಅಚ್ಚು ಕಟ್ಟಿದವನು. ಕಾದ ಕಬ್ಬಿಣ ಹರಿದು ಬಂದು ಕೂರುವ ಆ ಅಚ್ಚಿನಲ್ಲಿ ಮರಳು ತುಂಬದೆ ಉಗುರಿನಷ್ಟು ಸಂದು ಉಳಿದರೂ ಎರಕ ಗಂಟುಬಿದ್ದು ಹಾಳಾಗುತ್ತದೆ. ಹಾಗಾಗಿ ಖಾಲಿ ಜಾಗ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯ ಗೋಡೆಯ ಬಿರುಕು, ಬಚ್ಚಲಿನ ಕಲ್ಲಿನ ಸಂದು, ಪಕ್ಕದ ಮನೆಯವರ ಕಾಂಪೌಂಡಿನ ತೂತು, ಯಾವುದನ್ನೂ ಬಿಟ್ಟವನಲ್ಲ. ನಿವೃತ್ತಿಯಾದ ಮೇಲಂತೂ ಈ ಚಾಳಿ ಮಿತಿಮೀರಿತು. "ಮಾವ, ನೀನು ಮನೇಲಿ ಕೂತ್ರೆ ನನಗೆ ಉಸಿರಾಡೋಕೂ ಜಾಗ ಬಿಡಲ್ಲ" ಎಂದು ಹೆಂಡತಿ ಹಾಲಮ್ಮ ರೇಗುತ್ತಿದ್ದಳು.

ಹಾಲಮ್ಮ ಅವನನ್ನು ಮಾವ ಎಂದೇ ಕರೆಯುವುದು. ಅವಳು ಅವನ ಒಡಹುಟ್ಟಿದ ಅಕ್ಕನ ಮಗಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ಅವರ ಕಡೆ ಹೊಸದೇನಲ್ಲ. ಬೇರೆ ಕಡೆ ಹೆಣ್ಣು ನೋಡಿದರೇ ಅಕ್ಕ ಮುನಿಸಿಕೊಳ್ಳುವ ಕಾಲ ಅದು. ಕರಿಯಣ್ಣನಿಗೆ ಕಾರ್ಖಾನೆಯ ಕೆಲಸ ಸಿಕ್ಕಿದ ಮರುವರ್ಷವೇ ಮದುವೆಯಾಯಿತು. ಹೊಸ ಸೈಕಲ್ಲು ತೆಗೆದುಕೊಂಡು, ಅದರ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೆಣ್ಣು ತಂದ ಕತೆಯನ್ನು ಅವನು ಜಗಲಿಯ ಮೇಲೆ ಕೂತು ನೂರು ಸಲ ಹೇಳಿದ್ದಾನೆ. ಕೇಳಿದವರು ನಗುತ್ತಿದ್ದರು. ಹಾಲಮ್ಮ ಆ ಹೊತ್ತಿಗೆ ಒಳಗೆ ಹೋಗಿ ಏನಾದರೊಂದು ಕೆಲಸ ಹಿಡಿಯುತ್ತಿದ್ದಳು. ಅಕ್ಷರ ಬಾರದ ಅವನಿಗೆ ಕೈಹಿಡಿದು ಅಕ್ಷರ ಕಲಿಸಿದವಳೂ ಅವಳೇ. ಮದುವೆಯಾದ ಎರಡನೆಯ ವರ್ಷ, ಒಲೆಯ ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ತೋರಿಸಿದ್ದಳು. ಅಂದಿನಿಂದ ಕರಿಯಣ್ಣ ಪತ್ರಿಕೆಯ ಒಂದಕ್ಷರ ಬಿಡದೆ ಓದತೊಡಗಿದ. ಮುತ್ತು ಪೋಣಿಸಿದ ಹಾಗೆ ಬರೆಯುವುದನ್ನು ರೂಢಿ ಮಾಡಿಕೊಂಡ. ತನ್ನ ಅಕ್ಷರದ ಬಗ್ಗೆ ಅವನಿಗೆ ಬಲು ಹೆಮ್ಮೆ.

ಕಳೆದ ಜೂನಿನಲ್ಲಿ, ಶಾಲೆಗಳ ಸುರಕ್ಷತೆಯ ಬಗ್ಗೆ ಸರ್ಕಾರದ ನಿಯಮಗಳ ದಪ್ಪನೆಯ ಕಟ್ಟೊಂದು ಅವನ ಮನೆಯ ಹತ್ತಿರದ ಸರ್ಕಾರಿ ಶಾಲೆಗೆ ಬಂತು. ಶಾಲೆಯ ಹೊತ್ತಿನಲ್ಲಿ ಗೇಟು ಹಾಕಿರಬೇಕು. ಗೇಟಿನ ಹತ್ತಿರ ಒಬ್ಬ ಜವಾಬ್ದಾರಿಯವನು ಕೂತಿರಬೇಕು. ಪ್ರತಿ ಮಗುವಿಗೂ ರಿಜಿಸ್ಟರಿನಲ್ಲಿ ಒಂದು ಪುಟ. ಅದರಲ್ಲಿ ಶಾಲೆಯ ನಡುವೆ ಮಗುವನ್ನು ಕರೆದೊಯ್ಯಲು ಯಾರಿಗೆ ಒಪ್ಪಿಗೆ ಇದೆಯೋ ಅವರ ಹೆಸರು, ಕೆಳಗೆ ತಾಯಿಯದೋ ತಂದೆಯದೋ ಸಹಿ. ಹೆಸರಿಲ್ಲದವರು ಯಾರೇ ಬಂದು ನಿಂತರೂ ಮಗುವನ್ನು ಕಳಿಸುವಂತಿಲ್ಲ. ಇಷ್ಟೆಲ್ಲ ಬರೆದ ಸರ್ಕಾರ ಗೇಟಿಗೆ ಆಳು ಮಾತ್ರ ಕೊಡಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಓಂಕಾರಪ್ಪ ಒಂದು ಸಂಜೆ ಕರಿಯಣ್ಣನ ಜಗಲಿಗೆ ಬಂದು ಕೂತ.

"ಮನೇಲಿ ಕೂತು ಗೋಡೆ ಸಂದು ಮುಚ್ಚೋ ಬದ್ಲು ಶಾಲೆ ಗೇಟಲ್ಲಿ ಕೂತ್ಕೊ ಮಾರಾಯ. ಮಧ್ಯಾಹ್ನ ಮಕ್ಕಳ ಜೊತೆ ಬಿಸಿಯೂಟ. ಸಂಬಳ ಗಿಂಬಳ ಕೇಳ್ಬೇಡ."

"ಕರ್ಕೊಂಡು ಹೋಗಿ ಅಣ್ಣ, ಪುಣ್ಯ ಬರುತ್ತೆ" ಎಂದು ಹಾಲಮ್ಮ ಒಳಗಿನಿಂದಲೇ ಕೂಗಿದಳು.

ಹೀಗೆ ಕರಿಯಣ್ಣ ಗೇಟಿನ ತಾತನಾದ. ಖಾಕಿ ಅಂಗಿಯನ್ನು ತಾನೇ ಹೊಲಿಸಿಕೊಂಡ. ಒಂದು ತಿಂಗಳಲ್ಲಿ ನೂರ ಹನ್ನೆರಡು ಮಕ್ಕಳ ಹೆಸರು, ಅವರ ಮನೆ, ಮನೆಯವರ ಮುಖ ಬಾಯಿಪಾಠ. ಒಂದನೇ ಕ್ಲಾಸಿನವರ ಶೂ ಲೇಸು ಕಟ್ಟುತ್ತಿದ್ದ, ಮೂಗು ಒರೆಸುತ್ತಿದ್ದ. ಶಿವಮೊಗ್ಗದ ರವೀಂದ್ರನಗರದಿಂದ ದಿನಾ ಬಸ್ಸಿನಲ್ಲಿ ಬರುವ ಮುಖ್ಯೋಪಾಧ್ಯಾಯಿನಿ ಪ್ರಿಯದರ್ಶಿನಿ ಮೇಡಂ, "ಕರಿಯಣ್ಣನವರೇ, ನೀವಿರೋದ್ರಿಂದ ನಾನು ನೆಮ್ಮದಿಯಾಗಿ ಪಾಠ ಮಾಡ್ತಿದ್ದೀನಿ" ಎಂದಾಗ ಅವನು ಆ ಮಾತನ್ನು ಮನೆಯವರೆಗೂ ಹೊತ್ತು ತಂದು ಹಾಲಮ್ಮನಿಗೆ ಒಪ್ಪಿಸಿದ್ದ.

ಎಂಟನೇ ಕ್ಲಾಸಿನಲ್ಲಿ ರಂಜಿನಿ ಎಂಬ ಹುಡುಗಿ ಇದ್ದಳು. ಹದಿಮೂರು ತುಂಬಿತ್ತು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮಧ್ಯಾಹ್ನ ಕರಿಯಣ್ಣ ತೂಕಡಿಸಿದರೆ ಬಂದು ಗೇಟಿನ ಸರಳನ್ನು ಟಣ್ ಎಂದು ಹೊಡೆದು, "ತಾತ, ಕಳ್ಳ ಬಂದು ನಿಮ್ಮನ್ನೇ ಹೊತ್ಕೊಂಡು ಹೋಗ್ತಾನೆ ನೋಡಿ" ಎಂದು ಓಡುತ್ತಿದ್ದಳು. ಅಪ್ಪ ತೀರಿ ನಾಲ್ಕು ವರ್ಷವಾಗಿತ್ತು. ತಾಯಿ ಕಾಶಮ್ಮ ಶಿವಮೊಗ್ಗದಲ್ಲಿ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಶಾಲೆ ಬಿಟ್ಟ ಮೇಲೆ ರಂಜಿನಿ ಒಬ್ಬಳೇ ಮನೆಗೆ ನಡೆದು ಹೋಗುತ್ತಿದ್ದಳು.

ರಿಜಿಸ್ಟರು ತುಂಬುವ ದಿನ ಕಾಶಮ್ಮ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಮೇಡಂ ಕೋಣೆಯಲ್ಲಿ ಮೊದಲನೆಯ ಸಾಲಿಗೆ ತನ್ನ ಹೆಸರು ಬರೆದು, ಎರಡನೆಯ ಸಾಲು ಬಿಟ್ಟು, ಸಹಿ ಹಾಕಿದಳು.

"ಎರಡನೇದಕ್ಕೆ ಯಾರಾದ್ರೂ ಇರ್ಲಿ ಕಾಶಮ್ಮ, ನಿಮಗೆ ಬರೋಕಾಗದೇ ಇದ್ರೆ?" ಎಂದು ಮೇಡಂ ಕೇಳಿದರು.

"ಯಾರೂ ಬೇಡ ಮೇಡಂ. ಖಾಲಿನೇ ಇರ್ಲಿ."

ಆ ಮಾತು ಆದಾಗ ಕರಿಯಣ್ಣ ದೂರದಲ್ಲಿ ಗೇಟಿನ ಹತ್ತಿರ ಇದ್ದ. ಅವನ ಕಿವಿಗೆ ಬೀಳಲಿಲ್ಲ. ಮಾರನೆಯ ದಿನ ರಿಜಿಸ್ಟರು ಅವನ ಮೇಜಿಗೆ ಬಂತು. ಪುಟ ತಿರುವುತ್ತ ಹೋದವನ ಕಣ್ಣಿಗೆ ರಂಜಿನಿಯ ಪುಟದ ಖಾಲಿ ಸಾಲು ಚುಚ್ಚಿತು. ಪಾಪ, ಒಂಟಿ ಹೆಂಗಸು, ಬಸ್ಸಿನ ಗಡಿಬಿಡಿಯಲ್ಲಿ ಮರೆತಿದ್ದಾಳೆ ಅಂದುಕೊಂಡ. ಕಾಶಮ್ಮನಿಗೆ ತಮ್ಮ ಇದ್ದದ್ದು ಅವನಿಗೆ ಗೊತ್ತು. ಗಾಜನೂರಿನಲ್ಲಿ ತಾಯಿಯ ಜೊತೆ ಇರುವ ರೂಪೇಶ, ಗೂಡ್ಸ್ ಗಾಡಿ ಓಡಿಸುವವನು, ಇಪ್ಪತ್ತೊಂಬತ್ತು ವರ್ಷದ ಹುಡುಗ. ಶಾಲೆಗೆ ಹಳೆಯ ಬೆಂಚುಗಳು ಬಂದಾಗ ತನ್ನ ಗಾಡಿಯಲ್ಲೇ ತಂದು ಇಳಿಸಿಕೊಟ್ಟು, ಚಹಾ ಕೂಡ ಕುಡಿಯದೆ ಹೋಗಿದ್ದ. ಅಪ್ಪನಿಲ್ಲದ ಮಗುವಿಗೆ ಸೋದರಮಾವನಿಗಿಂತ ಹತ್ತಿರದವರು ಯಾರಿದ್ದಾರೆ? ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡವನು, ಮೈನೆರೆದಾಗ ಗುಡಿಸಲು ಕಟ್ಟಿದವನು ಅವನೇ ಅಲ್ಲವೇ? ಕರಿಯಣ್ಣ ಪೆನ್ನು ತೆಗೆದು, ತನ್ನ ದುಂಡನೆಯ ಅಕ್ಷರದಲ್ಲಿ, ಎರಡನೆಯ ಸಾಲಿನಲ್ಲಿ ಬರೆದ: ರೂಪೇಶ್, ಸೋದರಮಾವ. ಬರೆದಾದ ಮೇಲೆ ಪುಟ ತುಂಬಿ ಕಂಡಿತು. ಯಾರಿಗೂ ಹೇಳಬೇಕು ಅಂತಲೂ ಅವನಿಗೆ ಅನ್ನಿಸಲಿಲ್ಲ.

ಫೆಬ್ರವರಿಯ ಒಂದು ಗುರುವಾರ, ಹನ್ನೊಂದು ಗಂಟೆಗೆ ರೂಪೇಶ ಬೈಕಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ತಾತ, ಅಜ್ಜಿಗೆ ಹುಷಾರಿಲ್ಲ. ರಂಜಿನಿನ ನೋಡ್ಬೇಕು ಅಂತ ಹಟ ಹಿಡಿದೈತೆ. ಸಂಜೆಗೆ ಬಿಟ್ಬಿಡ್ತೀನಿ."

ಮೇಡಂ ಬ್ಲಾಕಿನ ಮೀಟಿಂಗಿಗೆ ಹೋಗಿದ್ದರು. ಕರಿಯಣ್ಣ ರಿಜಿಸ್ಟರು ತೆರೆದು ನೋಡಿದ. ಹೆಸರು ಇತ್ತು, ರೂಪೇಶನಿಗೂ ತೋರಿಸಿದ. ತಾನೇ ಬರೆದದ್ದು ಎಂಬುದು ಆ ಹೊತ್ತಿನಲ್ಲಿ ಅವನ ತಲೆಗೆ ಬರಲೇ ಇಲ್ಲ. ನಿಯಮದ ಪ್ರಕಾರ ನೋಡಿದೆ, ನಿಯಮದ ಪ್ರಕಾರ ಇದೆ ಎಂಬ ಸಮಾಧಾನವಷ್ಟೇ ಬಂತು. ಕ್ಲಾಸಿಗೆ ಹೋಗಿ ತಾನೇ ಹುಡುಗಿಯನ್ನು ಕರೆತಂದ. ಗೇಟಿನ ಹತ್ತಿರ ಮಾವನನ್ನು ಕಂಡು ಅವಳು ನಿಂತುಬಿಟ್ಟಳು.

"ನಾನು ಹೋಗಲ್ಲ ತಾತ. ಮಧ್ಯಾಹ್ನ ಲೆಕ್ಕದ ಟೆಸ್ಟ್ ಇದೆ."

"ಟೆಸ್ಟ್ ನಾಳೆ ಬರಿ. ಅಜ್ಜಿ ನಾಳೆಗೆ ಇರ್ತಾಳೋ ಇಲ್ವೋ" ಎಂದ ಕರಿಯಣ್ಣ.

"ಅಮ್ಮಂಗೆ ಫೋನ್ ಮಾಡಿ ತಾತ."

"ನಿಮ್ಮಮ್ಮಂಗೆ ಕೆಲಸದ ಹೊತ್ತಲ್ಲಿ ಫೋನ್ ಕೊಡಲ್ಲ ಅಂತ ನೀನೇ ಹೇಳಿದ್ಯಲ್ಲ. ಸ್ವಂತ ಸೋದರಮಾವ ಬಂದು ಬಿಸಿಲಲ್ಲಿ ನಿಂತಿದ್ದಾನೆ, ಹೋಗು ಮಾರಾಯ್ತಿ, ಸತಾಯಿಸ್ಬೇಡ."

ಅವಳು ಬೈಕಿನ ಹಿಂದೆ ಕೂತಳು. ಕರಿಯಣ್ಣ ಗೇಟು ಹಾಕಿ, ಹೊರಟ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದ.

ಸಂಜೆ ಏಳೂ ಕಾಲಿಗೆ ಕಾಶಮ್ಮ ಅವನ ಮನೆಯ ಬಾಗಿಲಿಗೆ ಬಂದಳು. ಮನೆಗೆ ಬೀಗ ಹಾಕಿದ ಹಾಗೇ ಇತ್ತು, ಅಕ್ಕಪಕ್ಕದವರು ಮಗಳನ್ನು ನೋಡಿರಲಿಲ್ಲ. ಕರಿಯಣ್ಣ ಊಟಕ್ಕೆ ಕೂತಿದ್ದವನು ಎದ್ದು ಬಂದು ನಗುತ್ತಲೇ ಹೇಳಿದ. "ಗಾಬರಿ ಬೀಳ್ಬೇಡಮ್ಮ, ನಿನ್ನ ತಮ್ಮನೇ ಬಂದು ಕರ್ಕೊಂಡು ಹೋದ."

ಕಾಶಮ್ಮ ಹೊಸ್ತಿಲ ಹೊರಗೆ ಹಾಗೇ ಕುಸಿದು ಕೂತಳು. "ಅವಳು ತೊಟ್ಟಿಲಲ್ಲಿ ಇರೋವಾಗ್ಲೇ ನಮ್ಮವ್ವ ಇವಳು ರೂಪೇಶಂಗೆ ಅಂತ ಮಾತಾಡಿತ್ತು. ಎಸ್ಸೆಸ್ಸೆಲ್ಸಿ ಆಗ್ಲಿ, ಆಮೇಲೆ ನೋಡೋಣ ಅಂತ ನಾನು ತಳ್ತಾ ಬಂದಿದ್ದೆ. ಅದಕ್ಕೇ ಅವನ ಹೆಸರು ಹಾಕಿರ್ಲಿಲ್ಲ ಅಣ್ಣ. ಅದಕ್ಕೇ ಖಾಲಿ ಬಿಟ್ಟಿದ್ದೆ" ಎಂದಳು.

ಕರಿಯಣ್ಣನ ಎಂಜಲು ಕೈ ಹಾಗೇ ಒಣಗಿತು.

ಕಾಶಮ್ಮ ಅಂದೇ ಗಾಜನೂರಿಗೆ ಹೋದಳು. ತಾಯಿಯ ಮನೆಗೆ ಬೀಗ. ಪೊಲೀಸರಿಗೆ ಹೇಳಿದಳು, ಮಕ್ಕಳ ಸಹಾಯವಾಣಿಗೆ ಮೇಡಂ ಫೋನು ಮಾಡಿದರು. ಮೂರನೆಯ ದಿನ ಹುಡುಗಿ ಸಿಕ್ಕಳು. ಹೊಳೆಯಾಚೆಯ ಒಂದು ನೆಂಟರ ಮನೆಯಲ್ಲಿ ಇಟ್ಟಿದ್ದರು. ಕೊರಳಿಗೆ ಅರಿಶಿನದ ದಾರ ಬಿದ್ದಿತ್ತು. ಶಾಲೆಯ ಸಮವಸ್ತ್ರವನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳಂತೆ; ಯಾರು ಕೇಳಿದರೂ ಕೊಟ್ಟಿರಲಿಲ್ಲವಂತೆ.

ಆ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂದು ಎಲ್ಲರೂ ಹೇಳಿದರು. ಆದರೆ ಹುಡುಗಿ ಮನೆಗೆ ಬರಲಿಲ್ಲ. ರೂಪೇಶನ ಕಡೆಯವರು ಶಿವಮೊಗ್ಗದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಂದೇ ಮಾತು ಹಿಡಿದು ಕೂತರು: ಇದೆಲ್ಲ ತಾಯಿಗೆ ಗೊತ್ತಿದ್ದೇ ಆಗಿದ್ದು, ಬೇಕಾದರೆ ಶಾಲೆಯ ರಿಜಿಸ್ಟರು ನೋಡಿ, ಅವಳೇ ತಮ್ಮನ ಹೆಸರು ಬರೆಸಿ ಕೆಳಗೆ ಸಹಿ ಹಾಕಿದ್ದಾಳೆ. ರಿಜಿಸ್ಟರಿನಲ್ಲಿ ಹೆಸರು ಇತ್ತು, ಸಹಿಯೂ ಇತ್ತು. ತಾಯಿಯೇ ಒಪ್ಪಿ ಕಳಿಸಿದ್ದರೆ ಆ ತಾಯಿಯ ಕೈಗೆ ಮಗುವನ್ನು ಮತ್ತೆ ಒಪ್ಪಿಸುವುದು ಹೇಗೆ? ವಿಚಾರಣೆ ಮುಗಿಯುವ ತನಕ ರಂಜಿನಿ ಬಾಲಮಂದಿರದಲ್ಲಿ ಇರಲಿ ಎಂದು ತೀರ್ಮಾನವಾಯಿತು. ಕಾಶಮ್ಮ ವಾರಕ್ಕೊಂದು ಸಲ ಹೋಗಿ ಮಗಳನ್ನು ನೋಡಿ ಬರಬೇಕಾಯಿತು. "ನಾನು ಬರೆದಿಲ್ಲ, ಬರೆದಿಲ್ಲ" ಎಂದು ಅವಳು ಎಲ್ಲರ ಮುಂದೆ ಹೇಳಿದಳು. ಮೇಡಂ ಕೂಡ, ಆ ಸಾಲು ಖಾಲಿ ಇತ್ತು ಅಂತ ನೆನಪು ಎಂದರು. ಬರೀ ನೆನಪಿನ ಮಾತಾಯಿತು ಅದು. ಎದುರಿಗೆ ಬರಹ ಇತ್ತು.

ಕರಿಯಣ್ಣ ಬಾಯಿ ಬಿಡಲಿಲ್ಲ. ಗೇಟಿನಲ್ಲಿ ಕೂತ, ಮಕ್ಕಳು ಬಂದವು, ಹೋದವು. ಎಂಟನೇ ಕ್ಲಾಸಿನ ಹುಡುಗಿಯರು ಅವನ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದರು. ಓಂಕಾರಪ್ಪನಿಗೆ ಮಾತ್ರ ಗುಟ್ಟು ಹೇಳಿದ. ಓಂಕಾರಪ್ಪ ಸುತ್ತ ನೋಡಿ ದನಿ ತಗ್ಗಿಸಿದ.

"ಹುಚ್ಚು ಗಿಚ್ಚು ಹಿಡಿದಿದ್ಯಾ? ನೀನು ಬರೆದಿದ್ದು ಅಂತ ಗೊತ್ತಾದ್ರೆ ಮೊದಲು ಹೋಗೋದು ಮೇಡಂ ಕೆಲಸ, ಆಮೇಲೆ ನಿನ್ನ ಮೇಲೆ ಕೇಸು. ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಲು ಹತ್ತುತೀಯಾ? ಹುಡುಗಿ ಎಲ್ಲಿದೆ, ಸರ್ಕಾರದ ಮನೇಲಿ ಸುಖವಾಗಿದೆ. ಊಟ ಇದೆ, ಪಾಠ ಇದೆ. ಸುಮ್ನಿರು ಮಾರಾಯ."

ಆ ಮಾತು ಹಿಡಿದುಕೊಂಡು ಒಂಬತ್ತು ದಿನ ಕಳೆದ. ಹತ್ತನೆಯ ದಿನ ಭಾನುವಾರ. ಹಾಲಮ್ಮ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕರಿಯಣ್ಣ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತಾನೂ ನಾಲ್ಕು ಕಾಯಿ ಸುಲಿದು, ಎಲ್ಲವನ್ನೂ ಹೇಳಿಬಿಟ್ಟ. ಅವಳು ಸಮಾಧಾನ ಹೇಳುತ್ತಾಳೆ ಅಂತಲೇ ಅವನ ನಂಬಿಕೆ. ನಲವತ್ತೇಳು ವರ್ಷ ಹೇಳುತ್ತ ಬಂದವಳು.

"ಸೋದರಮಾವ ಕಣೇ. ಬೇರೆ ಯಾರೋ ದಾರಿಹೋಕ ಅಲ್ಲ. ನನ್ನ ಜಾಗದಲ್ಲಿ ಯಾರಿದ್ರೂ ಕಳಿಸ್ತಿದ್ರು."

"ಹೂಂ" ಅಂದಳು ಹಾಲಮ್ಮ, ತಲೆ ಎತ್ತದೆ. "ನಮ್ಮ ಮೇಷ್ಟ್ರೂ ಕಳಿಸಿದ್ರು."

ಕರಿಯಣ್ಣನಿಗೆ ಮೊದಲು ಅರ್ಥವಾಗಲಿಲ್ಲ.

"ನೀನು ಸೈಕಲ್ ಹಿಡ್ಕೊಂಡು ಶಾಲೆ ಮುಂದೆ ನಿಂತಿದ್ದೆ. ಅಜ್ಜಿ ಕರೀತಿದೆ ಅಂದೆ. ಮೇಷ್ಟ್ರು ನನ್ನ ಕೇಳ್ಲೂ ಇಲ್ಲ. ಸೋದರಮಾವ ಬಂದಿದ್ದಾನೆ, ಎದ್ದು ಹೋಗಮ್ಮ ಅಂದ್ರು. ನಾಳೆ ಬರ್ತೀನಲ್ಲ ಅಂತ ಪುಸ್ತಕದ ಚೀಲ ಅಲ್ಲೇ ಬೆಂಚಿನ ಕೆಳಗೆ ಬಿಟ್ಟು ಬಂದೆ."

"ಅದು... ಆಗಿನ ಕಾಲ ಹಾಗಿತ್ತು. ನಿಮ್ಮವ್ವಂಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು."

"ನನಗೆ ಗೊತ್ತಿರ್ಲಿಲ್ಲ ಮಾವ."

ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತ ಹೋದವು. ಕರಿಯಣ್ಣ ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. "ನಾನು ನಿನ್ನ ಚೆನ್ನಾಗಿ ನೋಡ್ಕೊಂಡಿಲ್ವೇನೆ?"

"ನೋಡ್ಕೊಂಡಿದ್ದೀಯ. ಇಲ್ಲ ಅಂದ್ನಾ? ಕುಡಿದವನಲ್ಲ, ಹೊಡೆದವನಲ್ಲ. ಅದನ್ನ ಈಗ ಯಾರು ಕೇಳಿದ್ರು? ಆ ಮಗು ಬರಲ್ಲ ಅಂತ ಬಾಯಿ ಬಿಟ್ಟು ಹೇಳ್ತಲ್ಲ. ನನಗೆ ಅಷ್ಟು ಹೇಳೋಕೂ ಬರ್ಲಿಲ್ಲ ಆವಾಗ. ಅದು ಹೇಳಿದ್ರೂ ನೀನು ಕಳಿಸಿದೆ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಸೈಕಲ್ಲಿನ ಕತೆಯನ್ನು ಜಗಲಿಯ ಮೇಲೆ ಕೂತು ಎಷ್ಟು ಸಲ ಹೇಳಿದ್ದೇನೆ, ಎಷ್ಟು ಜನ ನಕ್ಕಿದ್ದಾರೆ ಎಂದು ಲೆಕ್ಕ ಹಾಕಲು ಹೋಗಿ ಕರಿಯಣ್ಣ ಅರ್ಧಕ್ಕೇ ಬಿಟ್ಟ. ಬಿಸಿಲು ಏರಿ ತಲೆಯ ಮೇಲೆ ಬರುವವರೆಗೂ ಅವನು ಹಿತ್ತಲಿನಿಂದ ಏಳಲಿಲ್ಲ.

ಸೋಮವಾರ ಬೆಳಗ್ಗೆ ಖಾಕಿ ಅಂಗಿ ಹಾಕಲಿಲ್ಲ. ಬಿಳಿ ಪಂಚೆ ಉಟ್ಟು ಶಾಲೆಗೆ ಹೋಗಿ ಮೇಡಂ ಮುಂದೆ ನಿಂತು ಹೇಳಿದ. ಪ್ರಿಯದರ್ಶಿನಿ ಮೇಡಂ ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕರಿಯಣ್ಣನವರೇ? ಆ ತಾಯಿ ನನ್ನ ಮುಂದೆ ನಿಂತು ಅತ್ತಾಗ ನೀವು ಅಲ್ಲೇ ಇದ್ರಲ್ಲ" ಎಂದರು. ತಮ್ಮ ಕೆಲಸಕ್ಕೆ ಕುತ್ತು ಬರುವುದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಫೋನು ತೆಗೆದು ಮಕ್ಕಳ ಕಲ್ಯಾಣ ಸಮಿತಿಯ ಕಚೇರಿಗೆ ವಿಷಯ ತಿಳಿಸಿದರು.

ಬುಧವಾರ ಬರಹೇಳಿದರು. ಹಾಲಮ್ಮನೂ ಹೊರಟಳು. ಕರಿಯಣ್ಣ ಬೇಡವೆಂದರೂ ಕೇಳಲಿಲ್ಲ. ಶಿವಮೊಗ್ಗದಲ್ಲಿ ಸಿಟಿ ಬಸ್ಸು ಹಿಡಿದು ಆಲ್ಕೊಳ ಸರ್ಕಲ್ಲಿನಲ್ಲಿ ಇಳಿದು ಸಮಿತಿಯ ಕಚೇರಿಗೆ ನಡೆದರು. ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಇದ್ದ ಹೆಂಗಸು ಅಧ್ಯಕ್ಷೆ. ರಿಜಿಸ್ಟರು ಅವರ ಮುಂದೆ ತೆರೆದಿತ್ತು. ಒಂದು ಕಡೆ ಕಾಶಮ್ಮ, ಇನ್ನೊಂದು ಕಡೆ ರೂಪೇಶನ ಪರವಾಗಿ ಬಂದ ಇಬ್ಬರು ಹಿರಿಯರು. ರೂಪೇಶ ಇರಲಿಲ್ಲ, ಪೊಲೀಸರು ಹಿಡಿದಿದ್ದರು.

ಕರಿಯಣ್ಣ ಹೇಳಿದ. ಹಿರಿಯರಲ್ಲಿ ಒಬ್ಬ, "ತಾಯಿನ ಉಳಿಸೋಕೆ ಮುದುಕನ ಕೈಲಿ ಹೇಳಿಸ್ತಿದ್ದಾರೆ" ಎಂದು ಗೊಣಗಿದ. ಅಧ್ಯಕ್ಷೆ ಒಂದು ಹಾಳೆ ಸರಿಸಿ, ಅದೇ ಹೆಸರನ್ನು ಇಲ್ಲಿ ಬರೆಯಿರಿ ಎಂದರು. ಅವನು ಬರೆದ. ಅದೇ ದುಂಡನೆಯ ಅಕ್ಷರ. ಹಾಳೆಯ ಮೇಲಿನದು, ರಿಜಿಸ್ಟರಿನದು, ಅಕ್ಕಪಕ್ಕ ಇಟ್ಟಾಗ ಅಚ್ಚು ಹೊಡೆದಂತೆ ಒಂದೇ ಆಗಿದ್ದವು.

"ಯಾಕೆ ಬರೆದ್ರಿ? ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ ತಾಯಿ. ಸಾಲು ಖಾಲಿ ಇತ್ತು. ಮರೆತಿದ್ದಾರೆ ಅಂದ್ಕೊಂಡೆ. ಸೋದರಮಾವನ ಮೇಲೆ ಅನುಮಾನ ಪಡೋದು ನಮಗೆ ಗೊತ್ತಿಲ್ಲ."

"ಹುಡುಗಿ ಬರಲ್ಲ ಅಂದ್ಲಂತೆ?"

"ಅಂದ್ಲು."

"ಅಮ್ಮಂಗೆ ಫೋನ್ ಮಾಡಿ ಅಂದ್ಲಂತೆ?"

"ಅಂದ್ಲು ತಾಯಿ." ಆಮೇಲೆ ಯಾರೂ ಕೇಳದೇ ಇದ್ದರೂ ಹೇಳಿದ. "ನನ್ನ ಹೆಂಡತಿ ನನ್ನ ಅಕ್ಕನ ಮಗಳು. ನಾನೂ ಶಾಲೆಯಿಂದಾನೇ ಕರ್ಕೊಂಡು ಬಂದಿದ್ದೆ. ಅದು ತಪ್ಪು ಅಂತ ಮೊನ್ನೆವರೆಗೂ ನನಗೆ ಗೊತ್ತಿರ್ಲಿಲ್ಲ."

ಹಿರಿಯರು ನೆಲ ನೋಡಿದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದ ಹಾಲಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಆದೇಶ ಬಂತು. ತಾಯಿಯ ಕೈವಾಡವಿಲ್ಲ, ಮಗುವನ್ನು ತಾಯಿಗೆ ಒಪ್ಪಿಸುವುದು. ಕರಿಯಣ್ಣ ಇನ್ನು ಮುಂದೆ ಯಾವ ಶಾಲೆಯ ಗೇಟಿನಲ್ಲೂ ಕೂರುವಂತಿಲ್ಲ. ರಿಜಿಸ್ಟರು ತಿದ್ದಿದ್ದರ ವಿಚಾರವನ್ನು ಪೊಲೀಸರು ನೋಡಿಕೊಳ್ಳಲಿ. ಮೇಡಂ ಅವರಿಗೆ ಇಲಾಖೆಯಿಂದ ನೋಟಿಸು ಹೋಗುವುದಿತ್ತು. ರಂಜಿನಿಯನ್ನು ಕೇಳಿದಾಗ, ಅಮ್ಮನ ಹತ್ತಿರ ಹೋಗುತ್ತೇನೆ, ಓದುತ್ತೇನೆ, ಆದರೆ ಆ ಶಾಲೆಗೆ ಹೋಗುವುದಿಲ್ಲ ಅಂದಳಂತೆ. ವಾರ್ಷಿಕ ಪರೀಕ್ಷೆಯನ್ನು ಬಾಲಮಂದಿರದ ಹತ್ತಿರದ ಶಾಲೆಯಲ್ಲೇ ಬರೆಸಿ, ಜೂನಿನಲ್ಲಿ ಶಿವಮೊಗ್ಗದ ಹಾಸ್ಟೆಲಿಗೆ ಸೇರಿಸುವುದೆಂದು ಮಾತಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸು ನಿಂತಿತ್ತು. ಕಾಶಮ್ಮ ಮಗಳ ಕೈ ಹಿಡಿದು ಬಂದಳು. ಹುಡುಗಿ ಸೊರಗಿಹೋಗಿದ್ದಳು. ಕೊರಳು ಬರಿದಾಗಿತ್ತು. ಕರಿಯಣ್ಣನನ್ನು ಕಂಡು, ಅಮ್ಮನ ಆಚೆ ಬದಿಗೆ ಸರಿದು ನಿಂತಳು.

ಅವನು ಎರಡು ದಿನದಿಂದ ಹೇಳಬೇಕೆಂದು ಮಾತುಗಳನ್ನು ಜೋಡಿಸಿಟ್ಟಿದ್ದ. "ಸೀಟು ಇದೆ ಬನ್ನಿ" ಎಂದಷ್ಟೇ ಹೊರಟಿತು.

ಕಾಶಮ್ಮ ಬಸ್ಸಿನ ಕಡೆ ನೋಡಿದಳು. ಅರ್ಧಕ್ಕರ್ಧ ಖಾಲಿ ಇತ್ತು.

"ನೀವು ಹೋಗಿ ಅಣ್ಣ. ನಾವು ಮುಂದಿನ ಬಸ್ಸಿಗೆ ಬರ್ತೀವಿ."

ಕಂಡಕ್ಟರ್ ಸೀಟಿ ಊದಿದ. ಕರಿಯಣ್ಣ ಹತ್ತಿ ಕೂತ. ಹಾಲಮ್ಮ ಹತ್ತಲಿಲ್ಲ, ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಕೆಳಗಿಟ್ಟು, "ಅವರ ಜೊತೆ ಬರ್ತೀನಿ ಮಾವ" ಎಂದಳು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಕಂಡದ್ದು ಇಷ್ಟು: ಹಾಲಮ್ಮ ರಂಜಿನಿಯ ಪಕ್ಕದಲ್ಲಿ, ಸಿಮೆಂಟು ಬೆಂಚಿನ ಮೇಲೆ ಕೂತಿದ್ದಳು. ಬಾಗಿ ಅವಳ ಕಿವಿಯ ಹತ್ತಿರ ಏನನ್ನೋ ಹೇಳುತ್ತ ಬೆಂಚಿನ ಕೆಳಗೆ ಕೈ ತೋರಿಸುತ್ತಿದ್ದಳು. ಹುಡುಗಿ ತಲೆ ಎತ್ತಿ ಅವಳ ಮುಖ ನೋಡಿದಳು.

ಏನು ಹೇಳಿದೆ ಎಂದು ಕರಿಯಣ್ಣ ಹಾಲಮ್ಮನನ್ನು ಈವರೆಗೂ ಕೇಳಿಲ್ಲ.